ಹಾಸ್ಟೆಲಿನ ಕಜ್ಜಿಗೆ ಎರಡು ಸಲ ಮಾತ್ರೆ

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದಾಗ ಬಾಲಕರ ಹಾಸ್ಟೆಲೊಂದರಿಂದ ಹುಡುಗರು ಮತ್ತೆ ಮತ್ತೆ ಕಜ್ಜಿ ಹೊತ್ತು ಬರುತ್ತಿದ್ದರು. ಹಾಸಿಗೆ ಸೇರಿದ ಮೇಲೆ ಏರುವ ತುರಿಕೆ, ಸೊಂಟದ ಸುತ್ತ ಗುಳ್ಳೆಗಳು. ಭೂತಗನ್ನಡಿ ಹಿಡಿದರೆ ಬೆರಳ ಸಂದಿನಲ್ಲಿ ಸೀಸದ ಕಡ್ಡಿಯಿಂದ ಗೀರಿದಂತಹ ಸಣ್ಣ ಬೂದು ಗೆರೆ, ಅಂದರೆ ಕಜ್ಜಿ ತರುವ ಹೆಣ್ಣುನುಸಿ ಚರ್ಮದೊಳಗೆ ಮೊಟ್ಟೆಯಿಡಲು ಕೊರೆದ ದಾರಿ.

ಮೊದಲು ಶೇ 5ರ ಪರ್ಮೆಥ್ರಿನ್ ಮುಲಾಮನ್ನು ಕೊಟ್ಟೆ. ಅದು ಒಳ್ಳೆಯ ಔಷಧವೇ. ಆದರೆ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ 8ರಿಂದ 14 ಗಂಟೆ ಬಿಡಬೇಕಾದುದನ್ನು, ಮೂವರು ಒಂದೇ ಟ್ಯೂಬ್ ಹಂಚಿಕೊಂಡು ತುರಿಸುವ ಜಾಗಕ್ಕಷ್ಟೇ ಸವರಿಕೊಂಡಿದ್ದರು. ಆಗ ಐವರ್ಮೆಕ್ಟಿನ್ ಮಾತ್ರೆಯನ್ನು ಆರಿಸಿಕೊಂಡೆ. ಅದರ ದೊಡ್ಡ ಅನುಕೂಲವೆಂದರೆ ನುಂಗಿದ್ದನ್ನು ನಾವು ಕಣ್ಣಾರೆ ನೋಡಬಹುದು.

ಊಟದ ಮನೆಯ ಬಾಗಿಲಲ್ಲಿ ತೂಕದ ಯಂತ್ರವಿಟ್ಟು, ಕೆ.ಜಿ.ಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ 30 ಕೆ.ಜಿ. ಹುಡುಗನಿಗೆ 6 ಮಿ.ಗ್ರಾಂ., 45 ಕೆ.ಜಿ.ಯವನಿಗೆ 9 ಮಿ.ಗ್ರಾಂ. ಎಂದು ಬರೆದುಕೊಂಡು, ಊಟವಾದ ಕೂಡಲೇ ನುಂಗಿಸಿದೆವು. ಹೊಟ್ಟೆಯಲ್ಲಿ ಆಹಾರವಿದ್ದರೆ ಈ ಔಷಧ ಹೆಚ್ಚು ಹೀರಲ್ಪಡುತ್ತದೆ. ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುವುದರಿಂದ, ತುರಿಕೆಯಿಲ್ಲದವರನ್ನೂ ಬಿಡಲಿಲ್ಲ. ಅಡುಗೆಯಾಕೆ ಗರ್ಭಿಣಿ, ಆಕೆಯ ಮಗು 11 ಕೆ.ಜಿ.; ಗರ್ಭಿಣಿಯರಿಗೂ 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೂ ಮಾತ್ರೆ ಕೊಡುವುದಿಲ್ಲವಾದ್ದರಿಂದ, ಅವರಿಬ್ಬರಿಗೂ ಅದೇ ರಾತ್ರಿ ಮುಲಾಮು. ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಸಿದೆವು.

ತಪ್ಪಿದ್ದು ನಾನೇ. ಐವರ್ಮೆಕ್ಟಿನ್ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆಯೊಡೆದು ಬಂದ ಮರಿಗಳಿಗಾಗಿ 7ರಿಂದ 14 ದಿನಗಳೊಳಗೆ ಎರಡನೆಯ ಸಲ ಕೊಡಲೇಬೇಕು. ನಾನು ಗೊತ್ತುಮಾಡಿದ್ದ ದಿನ ದಸರಾ ರಜೆಯೊಳಗೆ ಬಿದ್ದಿತ್ತು. ಮಾತ್ರೆಗಳು ಕಪಾಟಿನಲ್ಲಿ, ಹುಡುಗರು ಊರಿನಲ್ಲಿ. ರಜೆ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಅದೇ ಬೆರಳುಗಳು ನನ್ನ ಮೇಜಿನ ಮೇಲಿದ್ದವು. ಮರುಸಲ ಮೊದಲು ಕ್ಯಾಲೆಂಡರ್ ನೋಡಿ ಎರಡನೆಯ ಸಲ ಕೊಡಬೇಕಾದ ಸೋಮವಾರವನ್ನು ಕೆಂಪು ಶಾಯಿಯಲ್ಲಿ ಸುತ್ತಿದ ಮೇಲೆಯೇ ಮೊದಲ ಮಾತ್ರೆ ಕೊಡಿಸಿದೆ.

ಎರಡೂ ಸಲ ನುಂಗಿದ ಮೇಲೆಯೂ ಒಬ್ಬ ಹುಡುಗ "ಸಾರ್, ಇನ್ನೂ ಕೆರೀತದೆ" ಎಂದು ಬಂದ. ಸತ್ತ ನುಸಿಯ ಅವಶೇಷಗಳಿಗೆ ಚರ್ಮ ಕೆರಳುವುದರಿಂದ ತುರಿಕೆ 2ರಿಂದ 4 ವಾರ ಉಳಿಯುವುದುಂಟು. ಹೊಸ ಗೆರೆಯಾಗಲಿ ಗುಳ್ಳೆಯಾಗಲಿ ಕಾಣಲಿಲ್ಲ. ಮೂರನೆಯ ಸಲ ಐವರ್ಮೆಕ್ಟಿನ್ ಕೊಡದೆ, ರಾತ್ರಿಗೆ ತುರಿಕೆ ತಗ್ಗಿಸುವ ಸೆಟಿರಿಜಿನ್ ಮಾತ್ರೆ ಬರೆದು ಕಳುಹಿಸಿದೆ.