ಸೀರಿಯಲ್ ಕಟ್ಟುಗಳು ಬಚ್ಚಲೊಲೆ ಸೇರುವ ಮುಂಚೆ

ಸೀರಿಯಲ್ ಬರೆಯುವವರ ಮನೆಯಲ್ಲಿ ಕಾಗದಕ್ಕೆ ಬರವಿಲ್ಲ. ದಿನಕ್ಕೊಂದು ಎಪಿಸೋಡ್, ಪ್ರತಿ ಸೀನಿಗೂ ಎರಡು ಮೂರು ತಿದ್ದುಪಡಿ. ವರ್ಷ ಎರಡು ವರ್ಷ ನಡೆದರೆ ಅಟ್ಟದಲ್ಲಿ ಅಡಿಕೆ ಚೀಲ ಇಡಲೂ ಜಾಗ ಇರುವುದಿಲ್ಲ. ಬರೆದವರು ಹೋದ ಮೇಲೆ ಆ ಕಟ್ಟುಗಳು ಬಚ್ಚಲೊಲೆಗೆ ಹೋಗುತ್ತವೆ. ಲೈಬ್ರರಿಗೆ ಹೋಗುವಂತೆ ಮಾಡುವುದು ಹೇಗೆ?

ಮೊದಲು, ಏನನ್ನೂ ಜೋಡಿಸಬೇಡಿ. ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಟ್ರಂಕಿನಲ್ಲಿದ್ದ ಹಾಳೆಗಳನ್ನೆಲ್ಲ ಸುರಿದು ಎಪಿಸೋಡ್ ನಂಬರಿನ ಪ್ರಕಾರ ಚಂದ ಮಾಡಿ ಇಟ್ಟೆ. ಸಂಜೆ ಹೊತ್ತಿಗೆ ಗೊತ್ತಾಯಿತು, ಅವರು ಕಟ್ಟಿದ್ದು ಪಾತ್ರದ ಲೆಕ್ಕದಲ್ಲಿ. ಅತ್ತೆಯ ಸೀನೆಲ್ಲ ಒಂದು ಕಟ್ಟು, ಮೈದುನನದು ಇನ್ನೊಂದು. ಅವರು ಯೋಚಿಸಿದ ದಾರಿಯನ್ನೇ ನಾನು ಅಳಿಸಿದ್ದೆ. ಬರೆದವರೇ ಇಟ್ಟ ಈ ಜೋಡಣೆಯನ್ನು ಪತ್ರಾಗಾರದವರು, ಅಂದರೆ ಹಳೆ ದಾಖಲೆ ಕಾಯುವವರು, ಮೂಲ ಕ್ರಮ ಅನ್ನುತ್ತಾರೆ. ಹಾಗಾಗಿ ದಾರ ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆಯಿರಿ. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ 'ಅಟ್ಟ, ಕಬ್ಬಿಣದ ಟ್ರಂಕು, ಮೇಲಿನ ಕಟ್ಟು' ಅಂತ ಬರೆದಿಡಿ. ಪೆನ್ ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ.

ಎರಡನೆಯದು, ನೀಟಾಗಿ ಪ್ರಿಂಟ್ ಮಾಡಿದ್ದನ್ನು ಮಾತ್ರ ಉಳಿಸಿ ಉಳಿದದ್ದನ್ನು ಎಸೆಯಬೇಡಿ. ಒನ್‌ಲೈನ್ (ಸೀನುಗಳ ಚುಟುಕು ಸಾರ), ಚಾನೆಲ್‌ನವರು ಕೆಂಪು ಗೀಟು ಹಾಕಿದ ಪ್ರತಿ, 'ಮಳೆ ಬಂತು, ಮನೆಯೊಳಗಿನ ಸೀನ್ ಬರೆದುಕೊಡಿ' ಅಂತ ಬಂದ ಚೀಟಿ, ಎಲ್ಲವೂ ಬೇಕು. ಟಿವಿಯಲ್ಲಿ ಬಂದದ್ದನ್ನು ಊರೆಲ್ಲ ನೋಡಿದೆ. ಅದು ಹಾಗೆ ಯಾಕಾಯಿತು ಅನ್ನುವುದು ಈ ಚೀಟಿಗಳಲ್ಲೇ ಇರುವುದು. ಶಂಕರ್ ನಾಗ್ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಸೀರಿಯಲ್ ಶೂಟಿಂಗ್ ಮಾಡಿದ ಆಗುಂಬೆಯ ದೊಡ್ಡಮನೆ ನೋಡಲು ಜನ ಈಗಲೂ ಹೋಗುತ್ತಾರೆ. ಮನೆ ಉಳಿಯಬೇಕು, ಹಾಳೆ ಬೇಡ ಅಂದರೆ ಹೇಗೆ, ಅಲ್ವಾ?

ಇನ್ನು ಬೂಷ್ಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಅದೇ ಪಾಡು. ಕಟ್ಟು ಬಿಚ್ಚುವ ಕೆಲಸ ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಹಪ್ಪಳದ ಹಾಗೆ ಅಂಗಳದ ಬಿಸಿಲಿಗೆ ಹರಡಬೇಡಿ. ಶಾಯಿ ಮಾಸುತ್ತದೆ, ಹಾಳೆ ಹಳದಿಯಾಗುತ್ತದೆ. ಜಗಲಿಯ ನೆರಳು, ಗಾಳಿ ಸಾಕು. ಒಣಗಿದ ಬೂಷ್ಟನ್ನು ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ತುಕ್ಕು ಹಿಡಿದ ಪಿನ್ನನ್ನು ಕಿತ್ತು ಎಳೆಯಬೇಡಿ, ಅಡಿಗೊಂದು ಗಟ್ಟಿ ಕಾಗದ ತೂರಿಸಿ ನಿಧಾನ ಬಿಡಿಸಿ. ಹರಿದದ್ದಕ್ಕೆ ಸೆಲೊಟೇಪ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲಾಗುವುದಿಲ್ಲ. ನುಣ್ಣನೆಯ ಹಳೆ ಫ್ಯಾಕ್ಸ್ ಹಾಳೆ ಸಿಕ್ಕಿದರೆ ಅವತ್ತೇ ಜೆರಾಕ್ಸ್ ಮಾಡಿಸಿ. ಅದರ ಅಕ್ಷರ ತಾನಾಗಿಯೇ ಮಾಯವಾಗುತ್ತದೆ.

ಕಂಪ್ಯೂಟರಿನಲ್ಲಿ ಬರೆದವರದು ಬೇರೆ ಕಷ್ಟ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ವ್ಯವಸ್ಥೆಗೆ ಮುಂಚಿನ 'ನುಡಿ', 'ಬರಹ' ಫಾಂಟ್‌ಗಳ ಫೈಲನ್ನು ಈಗ ತೆರೆದರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣುತ್ತದೆ. ಹಾಳಾಯಿತು ಅಂತ ಡಿಲೀಟ್ ಮಾಡಬೇಡಿ. ಯೂನಿಕೋಡ್‌ಗೆ ಬದಲಾಯಿಸುವ ತಂತ್ರಾಂಶಗಳಿವೆ. ಮೂಲ ಫೈಲನ್ನೂ ಜೊತೆಗೇ ಇಡಿ.

ಕೊನೆಗೆ ಕೊಡುವುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ, ಎಲ್ಲಿಗೇ ಆಗಲಿ, ಹೊತ್ತುಕೊಂಡು ಹೋಗುವ ಮುಂಚೆ ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಕಟ್ಟುಗಳ ಪಟ್ಟಿ ಎರಡು ಪ್ರತಿ ಮಾಡಿ, ಒಂದಕ್ಕೆ ಸಹಿ ಹಾಕಿಸಿಕೊಳ್ಳಿ. ಕಾಗದ ಕೊಟ್ಟ ಮಾತ್ರಕ್ಕೆ ಹಕ್ಕು ಕೊಟ್ಟ ಹಾಗಲ್ಲ. ನಮ್ಮ ಕಾಯ್ದೆಯಲ್ಲಿ ಬರಹದ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅದು ಮನೆಯವರದೋ ಚಾನೆಲ್‌ನದೋ ಅನ್ನುವುದು ಹಳೆ ಕರಾರಿನಲ್ಲಿರುತ್ತದೆ, ಅದನ್ನೂ ಹುಡುಕಿಡಿ. ಖಾಸಗಿ ಪತ್ರಗಳಿದ್ದರೆ ಇಷ್ಟು ವರ್ಷ ಯಾರಿಗೂ ತೋರಿಸಬೇಡಿ ಅಂತ ಷರತ್ತು ಬರೆಸಬಹುದು.

ಸಹಿ ಹಾಕುವ ಮುಂಚೆ ಒಂದು ಮಳೆಗಾಲದ ದಿನ ಅವರ ದಾಸ್ತಾನು ಕೋಣೆ ನೋಡಿ ಬನ್ನಿ. ಗೋಡೆ ಮುಟ್ಟಿ. ಕೈಗೆ ತೇವ ಹತ್ತಿದರೆ ಟ್ರಂಕು ಸದ್ಯಕ್ಕೆ ನಿಮ್ಮ ಅಟ್ಟದಲ್ಲೇ ಇರಲಿ.