ಸಾವಾದ ಮನೆಯಲ್ಲಿ ಕಾವ್ಯ ಓದುವ ಕ್ರಮ

ಸಾವಾದ ಮನೆಗೆ ಮೂರನೇ ದಿನದ ಹೊತ್ತಿಗೆ ಸಮಾಧಾನದ ಮಾತು ಬೇಕಾದಷ್ಟು ಬಂದು ಬಿದ್ದಿರುತ್ತದೆ. ಬಂದವರೆಲ್ಲ ಗೀತೆಯ ‘ಜಾತಸ್ಯ ಹಿ ಧ್ರುವೋ ಮೃತ್ಯುಃ’ ಹೇಳುತ್ತಾರೆ, ಒಂದೇ ಕಗ್ಗ ವಾಟ್ಸಪ್ಪಿನಲ್ಲಿ ಆರು ಕಡೆಯಿಂದ ಬರುತ್ತದೆ. ಮಾತು ತಪ್ಪಲ್ಲ, ಹೊತ್ತು ತಪ್ಪು. ಅಳು ಮುಗಿಯುವ ಮೊದಲೇ ಬಂದ ತತ್ತ್ವ ‘ಇನ್ನು ಅಳಬೇಡ’ ಎಂಬ ಅಪ್ಪಣೆಯಂತೆ ಕೇಳಿಸುತ್ತದೆ.

ಹಳೆಯ ಕವಿಗಳಿಗೆ ಇದು ಗೊತ್ತಿತ್ತು. ರಘುವಂಶದ 8ನೇ ಸರ್ಗದಲ್ಲಿ ಇಂದುಮತಿಯನ್ನು ಕಳೆದುಕೊಂಡ ಅಜನಿಗೆ ಕುಲಗುರು ವಸಿಷ್ಠರು ಶಿಷ್ಯನ ಮೂಲಕ ಬುದ್ಧಿಮಾತು ಹೇಳಿ ಕಳುಹಿಸುತ್ತಾರೆ. ದುಃಖ ತುಂಬಿದ ಎದೆಯಲ್ಲಿ ಜಾಗ ಸಿಗದೆ ಆ ಮಾತು ಗುರುವಿನ ಬಳಿಗೇ ಮರಳಿ ಹೋದಂತಾಯಿತು ಎನ್ನುತ್ತಾನೆ ಕಾಳಿದಾಸ. ಭವಭೂತಿ ಉತ್ತರರಾಮಚರಿತದ 3ನೇ ಅಂಕದಲ್ಲಿ ಇನ್ನೂ ನೇರವಾಗಿ ಹೇಳುತ್ತಾನೆ: ಕೆರೆ ಉಕ್ಕಿದಾಗ ನೀರು ಹೊರಬಿಡುವುದೇ ಉಪಾಯ, ಶೋಕದಲ್ಲಿ ಎದೆಯನ್ನು ಪ್ರಲಾಪವೇ ಹಿಡಿದು ನಿಲ್ಲಿಸುತ್ತದೆ. ಓದಿನ ಕ್ರಮವೂ ಹಾಗೆಯೇ ಇರಲಿ. ಮೊದಲು ವಿಲಾಪ, ಉಪದೇಶ ಬಹಳ ಆಮೇಲೆ.

ಕಾಸರಗೋಡಿನ ಕನ್ನಡ ಮನೆಗಳಿಗೆ ಇಲ್ಲೊಂದು ಅನುಕೂಲವಿದೆ. ಪುಸ್ತಕ ತೆರೆಯದವರ ಕಿವಿಗೂ ಯಕ್ಷಗಾನದ ಆಟದಲ್ಲಿ, ವೇಷವಿಲ್ಲದೆ ಕೂತು ಪದ್ಯ–ಅರ್ಥ ಹೇಳುವ ಕೂಟದಲ್ಲಿ (ತಾಳಮದ್ದಳೆ) ಭಾಗವತರು ಹೇಳುವ ಭಾಮಿನಿ, ವಾರ್ಧಕ ಎಂಬ ಆರು ಸಾಲಿನ ಷಟ್ಪದಿಗಳ ಓಟದ ಪರಿಚಯವಿರುತ್ತದೆ. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಊರಿನವರಿಗೆ ಷಟ್ಪದಿ ಪರಕೀಯವಲ್ಲ. ಆದ್ದರಿಂದ ಕಣ್ಣಿನಿಂದ ಶುರು ಮಾಡದೆ ಕಿವಿಯಿಂದ ಶುರು ಮಾಡಿ. ಮೌನವಾಗಿ ಓದಲು ಕುಳಿತರೆ, ದುಃಖದಲ್ಲಿರುವವರ ಕಣ್ಣು ಒಂದೇ ಸಾಲಿನ ಮೇಲೆ ನಾಲ್ಕು ಸಲ ಹೋಗಿ ಬಂದರೂ ಏನೂ ಒಳಗಿಳಿಯುವುದಿಲ್ಲ.

ಯಾವುದನ್ನು ಓದುವುದು?

ಹೋದವರು ಯಾರು ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಸಂಗಾತಿಯನ್ನು ಕಳೆದುಕೊಂಡವರಿಗೆ ಮೇಲೆ ಹೇಳಿದ ಅಜವಿಲಾಪವನ್ನು ಕನ್ನಡ ಅನುವಾದದಲ್ಲಿ ಓದಬಹುದು. ಅಜ ಸಮಾಧಾನವಾಗಿ ಎದ್ದು ನಿಲ್ಲುವುದಿಲ್ಲ. ಮಗ ಇನ್ನೂ ಎಳೆಯವನೆಂದು ಹೇಗೋ 8 ವರ್ಷ ಕಳೆಯುತ್ತಾನೆ. ‘ಎಷ್ಟು ದಿನ ಹೀಗೇ ಕೂರುತ್ತೀ’ ಎಂಬ ಮಾತು ಕೇಳಿ ಬೇಸತ್ತವರಿಗೆ ಆ ‘ಹೇಗೋ’ ಅರ್ಥವಾಗುತ್ತದೆ.

ಗೆಳೆಯ, ಅಣ್ಣ–ತಮ್ಮಂದಿರ ಸಾವಿಗೆ ರನ್ನನ ಗದಾಯುದ್ಧಕ್ಕಿಂತ ಹತ್ತಿರದ್ದು ಕನ್ನಡದಲ್ಲಿ ಸಿಗುವುದು ಕಷ್ಟ. ಸಂಜಯನ ಜೊತೆ ರಣರಂಗದಲ್ಲಿ ನಡೆಯುವ ದುರ್ಯೋಧನ ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲುತ್ತಾನೆ. ಯಾರಿಗೂ ಇನ್ನೊಬ್ಬರಿಗೆ ಆಡಿದ ಮಾತನ್ನೇ ಆಡುವುದಿಲ್ಲ. ಇದು ಹಳಗನ್ನಡದ ಚಂಪೂ, ಅಂದರೆ ಗದ್ಯ–ಪದ್ಯ ಬೆರೆತ ಕಾವ್ಯ, ಮೂಲವೊಂದನ್ನೇ ಹಿಡಿದು ಕೂತರೆ ನಿಘಂಟು ತೆಗೆಯುವುದರಲ್ಲೇ ಸಂಜೆ ಮುಗಿಯುತ್ತದೆ. ಗದ್ಯಾನುವಾದವಿರುವ ಪ್ರತಿ ತನ್ನಿ, ಗದ್ಯ ಓದಿ, ಪ್ರತಿ ಹೆಣದ ಮುಂದೆ ಒಂದು ಪದ್ಯವನ್ನು ಮಾತ್ರ ಮೂಲದಲ್ಲಿ ಓದಿ.

ಮಗುವನ್ನು ಕಳೆದುಕೊಂಡ ಮನೆಯಲ್ಲಿ ಹೆಚ್ಚಿನ ಎಚ್ಚರ ಬೇಕು. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಚಂದ್ರಮತಿ ಅಳುವ ಭಾಗ ಯಾವ ತಾಯಿಯ ಬಾಯಿಯ ಮಾತೂ ಆಗಬಲ್ಲದು. ಆದರೆ ಕಾವ್ಯದ ಕೊನೆಗೆ ಲೋಹಿತಾಶ್ವ ಬದುಕಿ ಏಳುತ್ತಾನೆ. ನಮ್ಮ ಮನೆಯ ಮಗು ಏಳುವುದಿಲ್ಲ. ವಿಲಾಪದಲ್ಲೇ ಪುಸ್ತಕ ಮುಚ್ಚಬೇಕೆಂದು ಮೊದಲೇ ನಿಶ್ಚಯಿಸಿ, ಅಲ್ಲೊಂದು ಕಾಗದ ಇಡಿ. ತಂದೆ–ತಾಯಿಯ ಕೈಗೆ ಪುಸ್ತಕ ಕೊಟ್ಟು ‘ಓದಿ’ ಎನ್ನಬೇಡಿ, ಅವರೇ ಕೇಳಿದರೆ ಮಾತ್ರ ಓದಿ ಹೇಳಿ.

ತಂದೆ ಹೋದ ಮನೆಗೆ ತೊರವೆ ರಾಮಾಯಣದಲ್ಲಿ ದಶರಥನ ಮರಣ, ಭರತ ಬಂದು ಸುದ್ದಿ ತಿಳಿಯುವುದು ಹೊಂದುತ್ತದೆ. ದೂರದ ಊರಿಂದ, ಗಲ್ಫಿನಿಂದ ತಡವಾಗಿ ತಲುಪಿ ಮುಖ ನೋಡಲಾಗದೆ ಹೋದ ಮಗನಿಗೆ ಭರತ ಬೇರೆಯವನಲ್ಲ. ಕ್ರೈಸ್ತ ಮನೆಗಳಿಗೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಇದೆ, ಕ್ರಿಸ್ತನ ಕೊನೆಯ ದಿನದ ಖಂಡಕಾವ್ಯ. ಬುದ್ಧನ ಕೊನೆಯ ದಿನದ ಕುರಿತು ಅವರೇ ಬರೆದ ‘ವೈಶಾಖಿ’ ಅದರ ಜೋಡಿ. ಎರಡರ ಶಬ್ದಗಳೂ ಗಡಸು, ಒಂದು ಕೂರಿಕೆಗೆ 30 ಸಾಲು ಸಾಕು.

ಅಪಘಾತದಲ್ಲಿ ಸಾವಾಗಿ ಯಾರ ಮೇಲಾದರೂ ಕೋಪ ಕುದಿಯುತ್ತಿದ್ದರೆ ಕುಮಾರವ್ಯಾಸನ ದ್ರೋಣಪರ್ವ ಬೇಡ. ಅಭಿಮನ್ಯುವಿನ ಸಾವಿನ ದುಃಖ ಅಲ್ಲಿ ಸೈಂಧವನನ್ನು ಕೊಲ್ಲುವ ಶಪಥವಾಗಿ ತಿರುಗುತ್ತದೆ, ಕೇಳುವವರ ಮನಸ್ಸೂ ಅದೇ ದಾರಿ ಹಿಡಿಯುತ್ತದೆ. ಇನ್ನೊಂದು: ಕುಮಾರವ್ಯಾಸ ಬರೆದದ್ದು 10 ಪರ್ವ ಮಾತ್ರ. ಶಾಂತಿಪರ್ವದ ಭೀಷ್ಮೋಪದೇಶವನ್ನು ಅಲ್ಲಿ ಹುಡುಕಿ ದಣಿಯಬೇಡಿ. ಅದು ಬೇಕಾದಾಗ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದ ಗದ್ಯ ಸುಲಭ.

ಹಾಳೆ ಸಿದ್ಧ ಮಾಡುವುದು

ಕುಮಾರವ್ಯಾಸ ಭಾರತದ ಮೂಲ ಕನ್ನಡ ವಿಕಿಸೋರ್ಸ್‌ನಲ್ಲಿದೆ. ಉಳಿದವಕ್ಕೆ ಊರಿನ ಗ್ರಂಥಶಾಲೆ, ಇಲ್ಲವೆ ಹತ್ತಿರದ ಕನ್ನಡ ಶಾಲೆಯ ಮೇಷ್ಟ್ರು. ಹಳೇ ಪುಸ್ತಕವನ್ನು ಆಟಿಯ ಮಳೆಯಲ್ಲಿ ತೆರೆದರೆ ಹಾಳೆ ಅಂಟಿಕೊಂಡಿರುತ್ತದೆ, ಎಳೆಯಬೇಡಿ. ಒಂದು ದಿನ ಫ್ಯಾನಿನ ಕೆಳಗೆ ಬಿಡಿ.

ಬೇಕಾದ ಪದ್ಯಗಳನ್ನು ಕೈಯಲ್ಲಿ ಬರೆದುಕೊಳ್ಳಿ, ಅಥವಾ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಪುಟಕ್ಕೆ ಎರಡು. ಬರೆಯುವಾಗ ಪದ ಬಿಡಿಸಿ ಬರೆಯಬೇಕು, ಯಾಕೆಂದರೆ ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಮಾತು ಮುಗಿಯುವುದಿಲ್ಲ. ಒಂದೇ ಶಬ್ದದ ತಲೆ ಈ ಸಾಲಿನಲ್ಲಿ, ಬಾಲ ಮುಂದಿನ ಸಾಲಿನಲ್ಲಿ ಇರುತ್ತದೆ. ಸಾಲಿನ ಕೊನೆಗೆ ಉಸಿರು ನಿಲ್ಲಿಸಿದರೆ ಅರ್ಥ ಮುರಿಯುತ್ತದೆ, ‘ನಮಗೆ ಇದೆಲ್ಲ ತಿಳಿಯುವುದಿಲ್ಲ’ ಎಂದು ಪುಸ್ತಕ ಮುಚ್ಚುವವರಲ್ಲಿ ಬಹಳ ಮಂದಿ ಸೋತದ್ದು ಇಲ್ಲೇ. ಮಾತ್ರೆಯ (ಅಕ್ಷರ ಹೇಳುವ ಕಾಲದ ಅಳತೆ, ಲಘುವಿಗೆ 1, ಗುರುವಿಗೆ 2) ಹೆಜ್ಜೆ ಹಿಡಿಯಿರಿ: ಭಾಮಿನಿಯಲ್ಲಿ 3–4, 3–4 ಎಂದು ಸಾಗುತ್ತದೆ, 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ವಾರ್ಧಕದಲ್ಲಿ 5–5ರ ನಡೆ, ಸಣ್ಣ ಸಾಲಿಗೆ 20, ದೊಡ್ಡದಕ್ಕೆ 32. ಉಸಿರಿಗೆ ಜಾಗ 3ನೇ ಸಾಲಿನ ಕೊನೆಯ ಗುರುವಿನಲ್ಲಿ, ಮತ್ತೆ 6ನೆಯದರಲ್ಲಿ. ಎಲ್ಲಾ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರುವುದರಿಂದ ಎರಡು ಸಲ ಓದಿದರೆ ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ಕೂರುವ ಕ್ರಮ

ಕೂಟದ ಮಾದರಿಯೇ ಒಳ್ಳೆಯದು: ಒಬ್ಬರು ಪದ್ಯ ಹೇಳುವವರು, ಒಬ್ಬರು ಅರ್ಥ ಹೇಳುವವರು. ಚಂಡೆ–ಮದ್ದಳೆ ಬೇಡ, ತಾಳವೂ ಬೇಡ. ರಾಗ ಬರುವವರಿದ್ದರೆ ಮುಖಾರಿ, ಬಾರದಿದ್ದರೆ ಸುಮ್ಮನೆ ನಿಧಾನ ಓದು. ಪದ್ಯ ಹೇಳುವುದು ತೀರಾ ಹತ್ತಿರದ ಬಂಧುವಿನ ಕೆಲಸವಾಗದಿರಲಿ. ನೆರೆಮನೆಯವರೋ, ಭಾವನೋ, ಸೋದರಮಾವನೋ ಆಗಬಹುದು. ಅರ್ಥ ಹೇಳುವವರಿಗೆ ಒಂದು ಕಟ್ಟಪ್ಪಣೆ: ಇದು ವಾದದ ಕೂಟವಲ್ಲ. ಪದ್ಯದಲ್ಲಿ ಇದ್ದಷ್ಟೇ ಮಾತು, ನಾಲ್ಕು ವಾಕ್ಯ. ಕರ್ಣ ಸರಿಯೋ ಅರ್ಜುನ ಸರಿಯೋ ಎಂದು ಎಳೆಯತೊಡಗಿದರೆ ಅಳುವವರು ಮೆಲ್ಲನೆ ಎದ್ದು ಒಳಗೆ ಹೋಗುತ್ತಾರೆ. ಅರ್ಥವನ್ನು ಮನೆಮಾತಿನಲ್ಲೇ ಹೇಳಿ, ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ. ಮಲಯಾಳಂ ಮಾಧ್ಯಮದಲ್ಲಿ ಕಲಿತ ಮೊಮ್ಮಕ್ಕಳಿದ್ದರೆ ಒಂದೆರಡು ವಾಕ್ಯ ಮಲಯಾಳದಲ್ಲೂ ಬರಲಿ.

ದೀಪ ಹಚ್ಚಿದ ಮೇಲೆ, ರಾತ್ರಿ ಊಟಕ್ಕೆ ಮೊದಲು, ಚಾವಡಿಯಲ್ಲಿ 25 ನಿಮಿಷ. ಪದ್ಯಕ್ಕೆ ಒಂದು ನಿಮಿಷ, ಅರ್ಥಕ್ಕೆ ಎರಡು ಎಂದು ಹಿಡಿದರೆ 8 ಪದ್ಯ ಆಗುತ್ತದೆ, ಅಷ್ಟೇ ಸಾಕು. ಮಲಗುವ ಹೊತ್ತಿಗೆ ವಿಲಾಪ ಓದಬೇಡಿ, ನಿದ್ದೆ ಮೊದಲೇ ಹೋಗಿರುತ್ತದೆ. ಸೂತಕದಲ್ಲಿ ಗ್ರಂಥ ಮುಟ್ಟಬಾರದೆನ್ನುವ ಮನೆಗಳಿವೆ. ಅಲ್ಲಿ ಹಿರಿಯರನ್ನು ಕೇಳಿ ಬರೆದ ಹಾಳೆಯಿಂದ ಓದಿ, ಅಥವಾ ಬೊಜ್ಜ (ಉತ್ತರಕ್ರಿಯೆ) ಕಳೆಯುವವರೆಗೆ ಕಾಯಿರಿ. ಕಾದರೆ ನಷ್ಟವೇನಿಲ್ಲ. ಹದಿಮೂರರವರೆಗೆ ಮನೆ ತುಂಬ ಜನ, ಹದಿನಾಲ್ಕರಿಂದಲೇ ಚಾವಡಿ ಖಾಲಿ.

ಓದುವವರ ಗಂಟಲು ಕಟ್ಟಿದರೆ ಪಕ್ಕದವರು ಅದೇ ಪದ್ಯವನ್ನು ಮೊದಲಿನಿಂದ ಎತ್ತಿಕೊಳ್ಳಬೇಕು. ಇದನ್ನು ಮೊದಲೇ ಮಾತಾಡಿಕೊಳ್ಳಿ. ಕೇಳುವವರು ಅತ್ತರೆ ನಿಲ್ಲಿಸಬೇಡಿ, ಎದ್ದು ಹೋದರೆ ಕರೆಯಬೇಡಿ. ಯಾರಿಗೂ ಏನೂ ಅನಿಸದಿದ್ದರೆ ಅದೂ ಸಹಜ, ಮರುದಿನ ಬೇರೆ ಭಾಗ ಹಿಡಿಯಿರಿ. ಓದಿನಿಂದ ಆಗದ ಕೆಲಸವೂ ಇದೆ: ವಾರಗಟ್ಟಲೆ ಊಟ–ನಿದ್ದೆ ಇಲ್ಲದೆ, ‘ನಾನೂ ಹೋಗುತ್ತೇನೆ’ ಎಂಬ ಮಾತು ಬಂದರೆ ಅದೇ ದಿನ ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಕಗ್ಗಕ್ಕೆ, ಗೀತೆಗೆ ಹೊತ್ತು ಬರುವುದು ಕೆಲವು ಮಾಸಿಕ ಶ್ರಾದ್ಧ ಕಳೆದ ಮೇಲೆ. ದುಃಖದಲ್ಲಿರುವವರೇ ‘ಯಾಕೆ ಹೀಗಾಯಿತು’ ಎಂದು ಕೇಳತೊಡಗಿದರೆ ಅದೇ ಗುರುತು. 945 ಕಗ್ಗಗಳನ್ನು ಸಾಲಾಗಿ ಓದಬೇಡಿ, ದಿನಕ್ಕೆ ಒಂದು. ಇಲ್ಲಿ ಇನ್ನೊಂದು ಒಳ್ಳೆಯ ಕಾಲ ಕರ್ಕಾಟಕ ಮಾಸ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಮಲಯಾಳಿ ನೆರೆಮನೆಗಳಲ್ಲಿ ಎಳುತ್ತಚ್ಛನ್ ಬರೆದ ಮಲಯಾಳ ರಾಮಾಯಣದ ಪಾರಾಯಣ ದಿನಾ ನಡೆಯುತ್ತಿರುತ್ತದೆ. ಅದೇ ಹೊತ್ತಿಗೆ ನಮ್ಮಲ್ಲಿ ತೊರವೆ ಶುರು ಮಾಡಿದರೆ ಓದು ತಪ್ಪುವುದಿಲ್ಲ, ಆಚೆ ಮನೆಯ ದನಿಯೇ ನೆನಪಿಸುತ್ತದೆ.

ಹೋದವರದ್ದೇ ಪುಸ್ತಕವಿದ್ದರೆ ಅದನ್ನೇ ಬಳಸಿ. ಅವರು ಅಡಿಗೆರೆ ಎಳೆದ ಪದ್ಯಗಳಿಂದ ಶುರು ಮಾಡಿ, ಓದಿದ ದಿನದ ತಾರೀಕನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಪೆನ್ನು ಬೇಡ, ಹಳೇ ಕಾಗದದಲ್ಲಿ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ.