ತೋಟದವರ ಕಾಲಿನ ಮಾಯದ ಗಂಟು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರ ಕಾಲಲ್ಲಿ ವರ್ಷಗಟ್ಟಲೆ ಹಳೆಯ ಒರಟು ಗಂಟು ಕಂಡರೆ ನಾನು ಮೊದಲು ಕೇಳುವುದು, "ಅಣ್ಣಾ, ಅಲ್ಲಿ ಯಾವಾಗಲಾದರೂ ಮುಳ್ಳು ಚುಚ್ಚಿತ್ತಾ?" ಮುಳ್ಳಿನ ಜೊತೆ ಚರ್ಮದೊಳಗೆ ಹೋದ ಫಂಗಸ್ (ಶಿಲೀಂಧ್ರ) ಇಂಥ ಗಂಟು ಮಾಡಬಹುದು. ಆದರೆ ಹೆಚ್ಚಿನವರಿಗೆ ಚುಚ್ಚಿದ್ದು ನೆನಪಿರುವುದಿಲ್ಲ. ನೋವಿಲ್ಲ, ಸ್ವಲ್ಪ ತುರಿಕೆ ಅಷ್ಟೇ, ಹಾಗಾಗಿ ಯಾರೋ ನರೂಲಿ ಅಂತ ಸುಟ್ಟಿರುತ್ತಾರೆ, ಇನ್ಯಾರೋ ಸ್ಟೆರಾಯ್ಡ್ ಮುಲಾಮು ಕೊಟ್ಟಿರುತ್ತಾರೆ, ಕೆಲವರು ಚರ್ಮದ ಟಿಬಿ ಅಂತ ಮಾತ್ರೆಯನ್ನೂ ನುಂಗಿ ಮುಗಿಸಿರುತ್ತಾರೆ.

ನನ್ನ ಕಣ್ಣು ಹುಡುಕುವುದು ಗಂಟಿನ ಮೇಲಿನ ಸಣ್ಣ ಕಪ್ಪು ಚುಕ್ಕೆಗಳನ್ನು. ಚರ್ಮ ಫಂಗಸ್ಸನ್ನು ಹೊರಗೆ ತಳ್ಳುವುದು ಅಲ್ಲಿಂದಲೇ. ಬೇರೆ ಕಡೆ ಕೆರೆದರೆ ಸುಮ್ನೆ ಹೊಟ್ಟು ಸಿಗುತ್ತದೆ. ಆ ಚುಕ್ಕೆಯನ್ನೇ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ತಾಮ್ರದ ನಾಣ್ಯದಂಥ ಕಂದು ಬಣ್ಣದ, ದಪ್ಪ ಗೋಡೆಯ ದುಂಡು ಕೋಶಗಳು ಕಂಡರೆ ಅದು ಕ್ರೋಮೋಬ್ಲಾಸ್ಟೋಮೈಕೋಸಿಸ್ ಎಂಬ ಈ ಫಂಗಸ್ ರೋಗ. ಖರ್ಚು ಬಹಳ ಕಡಿಮೆ, ಆದರೂ ಎಷ್ಟೋ ಕಡೆ ಈ ಪರೀಕ್ಷೆ ಮಾಡುವುದೇ ಇಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರ.

ಬಯಾಪ್ಸಿ (ಗಂಟಿನ ಸಣ್ಣ ತುಂಡು ತೆಗೆದು ಪರೀಕ್ಷೆ) ಮಾಡುವಾಗ ಎರಡು ತುಂಡು ತೆಗೆಯುತ್ತೇನೆ. ಒಂದು ಫಾರ್ಮಲಿನ್‌ಗೆ (ತುಂಡು ಕೆಡದಂತೆ ಇಡುವ ದ್ರವ), ಇನ್ನೊಂದು ಸಲೈನ್‌ಗೆ (ಉಪ್ಪು ನೀರು). ಸಲೈನಿನದ್ದು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡಲಿಕ್ಕೆ. ಫಾರ್ಮಲಿನ್‌ಗೆ ಬಿದ್ದ ತುಂಡಿನಲ್ಲಿ ಫಂಗಸ್ ಸತ್ತುಹೋಗುತ್ತದೆ, ಮತ್ತೆ ಕಲ್ಚರ್‌ನಲ್ಲಿ ಏನು ಬೆಳೆಯುತ್ತದೆ? ಮಂಗಳೂರಿನ ಲ್ಯಾಬಿಗೆ ಕಳಿಸುವಾಗ ಟಿಬಿಗೂ ಕಲ್ಚರ್ ಹಾಕಲು ಬರೆಯುತ್ತೇನೆ, ನೋಡಲಿಕ್ಕೆ ಎರಡೂ ಒಂದೇ ಥರ ಇರುತ್ತವೆ ಅಲ್ವಾ. ಫಂಗಸ್ ಬೆಳೆಯಲು 4ರಿಂದ 6 ವಾರ ಬೇಕು. ಕೋಶಗಳು ಕಂಡಿದ್ದರೆ ನಾನು ಅಷ್ಟು ದಿನ ಕಾಯುವುದಿಲ್ಲ.

ಔಷಧಿ ಇಟ್ರಾಕೊನಜೋಲ್, ದಿನಕ್ಕೆ 200ರಿಂದ 400 ಮಿಲಿಗ್ರಾಂ, ಕಡಿಮೆ ಅಂದರೆ 6 ತಿಂಗಳು, ಎಷ್ಟೋ ಸಲ ವರ್ಷಕ್ಕಿಂತ ಜಾಸ್ತಿ. ಹೃದಯ ದುರ್ಬಲ ಇದ್ದವರಿಗೆ ಇದು ಆಗುವುದಿಲ್ಲ. ಉಳಿದವರಿಗೆ ಲಿವರ್ ಪರೀಕ್ಷೆ ಮಾಡಿಸುತ್ತಾ ಇರಬೇಕು. ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ನಮ್ಮೂರಲ್ಲಿ ತುಂಬಾ ಜನ ಬೆಳಗ್ಗೆ ಎದ್ದ ಕೂಡಲೇ ಗ್ಯಾಸಿನ ಮಾತ್ರೆ ನುಂಗುವವರು, ಹೊಟ್ಟೆಯ ಆಮ್ಲ ಕಡಿಮೆಯಾದರೆ ಈ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹಿಡಿಯುವುದಿಲ್ಲ, ಅದಕ್ಕೇ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿ ತರಲು ಹೇಳುತ್ತೇನೆ. ಉಳಿದ ಸಣ್ಣ ಗಂಟುಗಳನ್ನು ಲಿಕ್ವಿಡ್ ನೈಟ್ರೋಜನ್ ಹಾಕಿ ಹೆಪ್ಪುಗಟ್ಟಿಸುತ್ತೇನೆ.

ಗಂಟು ಚಪ್ಪಟೆಯಾದ ಕೂಡಲೇ "ಡಾಕ್ಟ್ರೇ, ಇನ್ನು ಸಾಕಲ್ವಾ?" ಅಂತ ಕೇಳುತ್ತಾರೆ. ಮಾತ್ರೆಯ ಬೆಲೆ ನೋಡಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅರ್ಧದಲ್ಲಿ ಬಿಟ್ಟರೆ ಮತ್ತೆ ಬರುತ್ತದೆ. ಹಾಗಾಗಿ ನಿಲ್ಲಿಸುವ ಮೊದಲು ಇನ್ನೊಮ್ಮೆ ಬಯಾಪ್ಸಿ ಮಾಡುತ್ತೇನೆ. ತುಂಬಾ ಹಳೆಯ ಗಂಟಾಗಿದ್ದರೆ ಅದರಲ್ಲಿ ಕ್ಯಾನ್ಸರ್ ಹುಟ್ಟಿದೆಯಾ ಅಂತಲೂ ಆಗ ಗೊತ್ತಾಗುತ್ತದೆ.